ಅಳುವ ವಿದೂಷಕನೆಂಬ ಕಟ್ಟುಕಥೆ

ನಗಿಸುವವರ ವಿಷಯದಲ್ಲಿ ವಿದ್ಯಾವಂತರ ಮನೆಗಳಲ್ಲಿ ಒಂದು ಕಥೆ ಬಹಳ ಆದರದಿಂದ ಹೇಳಲ್ಪಡುತ್ತದೆ. ವಾಚಕರು ಅದನ್ನು ಒಂದಲ್ಲ ಒಂದು ರೂಪದಲ್ಲಿ ಕೇಳಿಯೇ ಇರುವರು. ಒಬ್ಬ ರೋಗಿ ವೈದ್ಯನ ಬಳಿಗೆ ಬರುತ್ತಾನೆ. ದೇಹದಲ್ಲಿ ರೋಗವಿಲ್ಲ, ಮನಸ್ಸಿಗೆ ಮಾತ್ರ ಕತ್ತಲು ಕವಿದಿದೆ. ವೈದ್ಯನು ನಾಡಿಯನ್ನು ನೋಡಿ, "ನಿಮಗೆ ಔಷಧ ಬೇಡ, ಈ ರಾತ್ರಿ ನಾಟಕಶಾಲೆಗೆ ಹೋಗಿ ಗ್ರಿಮಾಲ್ಡಿಯ ಹಾಸ್ಯವನ್ನು ನೋಡಿ ಬನ್ನಿ" ಎನ್ನುತ್ತಾನೆ. ರೋಗಿಯು ನಿಟ್ಟುಸಿರುಬಿಟ್ಟು, "ಸ್ವಾಮಿ, ಆ ಗ್ರಿಮಾಲ್ಡಿ ನಾನೇ" ಎನ್ನುತ್ತಾನೆ. ಹೇಳಿದವರು ಕಣ್ಣು ಮುಚ್ಚಿ ತಲೆದೂಗುತ್ತಾರೆ. ಕೇಳಿದವರು 'ಅಯ್ಯೋ ಪಾಪ' ಎನ್ನುತ್ತಾರೆ. ಹೊರಗೆ ನಗೆ, ಒಳಗೆ ಅಳು. ಹೊರಗಿನದು ವೇಷ, ಒಳಗಿನದು ನಿಜ ಎಂಬ ತತ್ತ್ವವು ಅಲ್ಲಿಗೆ ಸಿದ್ಧವಾಯಿತು.

ಈ ಕಥೆ ಸುಳ್ಳು ಎಂಬುದು ನನ್ನ ಮೊದಲನೆಯ ಆಕ್ಷೇಪ. ಸುಳ್ಳಾಗಿರುವುದಕ್ಕಿಂತಲೂ ಹೆಚ್ಚಾಗಿ ಅದು ಅನ್ಯಾಯವಾದುದು ಎಂಬುದು ಎರಡನೆಯದು. ಈ ಲೇಖನವನ್ನು ಬರೆಯಬೇಕಾಗಿ ಬಂದುದು ಆ ಎರಡನೆಯದರ ದೆಸೆಯಿಂದ.

ಸುಳ್ಳೆಂಬುದನ್ನು ತೋರಿಸುವುದು ಕಷ್ಟವಲ್ಲ. ಇದೇ ಕಥೆಯನ್ನು ಪ್ಯಾರಿಸ್ ನಗರದಲ್ಲಿ ಹಾರ್ಲೆಕ್ವಿನ್ ವೇಷವನ್ನು ಹಾಕುತ್ತಿದ್ದ ಇಟಲಿಯ ಡೊಮಿನಿಕ್ ಬಿಯಾಂಕೊಲೆಲ್ಲಿಯ ಮೇಲೂ ಹೇಳಿದ್ದಾರೆ. ಅವನು ತೀರಿಕೊಂಡುದು ೧೬೮೮ರಲ್ಲಿ, ಎಂದರೆ ಗ್ರಿಮಾಲ್ಡಿ ಹುಟ್ಟುವುದಕ್ಕೆ ತೊಂಬತ್ತು ವರ್ಷ ಮೊದಲು. ಅಮೆರಿಕದ ಎಮರ್ಸನ್ನನು ಹಾಸ್ಯವನ್ನು ಕುರಿತ ತನ್ನ ಪ್ರಬಂಧದಲ್ಲಿ ಇದನ್ನೇ ನೇಪಲ್ಸ್ ನಗರದ ಕಾರ್ಲಿನಿಗೆ ಅನ್ವಯಿಸಿದ್ದಾನೆ. ಫ್ರಾನ್ಸಿನವರು ದೆಬುರೋವಿಗೆ ಕಟ್ಟಿದರು. ಮೆಕ್ಸಿಕೋ ದೇಶದ ಕವಿ ಹುವಾನ್ ದೆ ದಿಯೋಸ್ ಪೇಸನು ಇಂಗ್ಲೆಂಡಿನ ಗ್ಯಾರಿಕ್ಕನ ಹೆಸರನ್ನು ಹಾಕಿ ಒಂದು ಪದ್ಯವನ್ನೇ ಬರೆದನು. ರೋಗಿ ಬದಲಾಗುತ್ತಾನೆ, ಊರು ಬದಲಾಗುತ್ತದೆ. ವೈದ್ಯನ ಸಲಹೆ ಮಾತ್ರ ಬದಲಾಗುವುದಿಲ್ಲ. ಇಷ್ಟು ಮಂದಿಯ ಮೈಗೆ ಒಪ್ಪುವ ಅಂಗಿ ಯಾರ ಅಳತೆಗೂ ಹೊಲಿದುದಲ್ಲ. ಕಥೆಯು ಹಾಸ್ಯಗಾರನ ಮನೆಯಲ್ಲಿ ಹುಟ್ಟಿದುದಲ್ಲ, ಪ್ರೇಕ್ಷಕರ ಮನೆಯಲ್ಲಿ ಹುಟ್ಟಿದುದು.

ಇನ್ನು ಅನ್ಯಾಯದ ಮಾತು. ಅದಕ್ಕಾಗಿ ಗ್ರಿಮಾಲ್ಡಿಯ ಬದುಕನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಜೋಸೆಫ್ ಗ್ರಿಮಾಲ್ಡಿ ೧೭೭೮ನೆಯ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಹುಟ್ಟಿದನು. ತಂದೆ ಡ್ರೂರಿ ಲೇನ್ ನಾಟಕಶಾಲೆಯ ನೃತ್ಯಾಚಾರ್ಯ. ಮಹಾ ಕೋಪಿಷ್ಠ, ಮಕ್ಕಳನ್ನು ಹೊಡೆದು ಕಲಿಸುವವನು. ಮಗು ರಂಗವನ್ನು ಏರಿದುದು ಮೂರು ತುಂಬುವುದರೊಳಗೆ. ಕೋತಿಯ ವೇಷ ಹಾಕಿಸಿ, ಸೊಂಟಕ್ಕೆ ಸರಪಣಿ ಬಿಗಿದು, ತಂದೆಯು ಅದನ್ನು ತಲೆಯ ಸುತ್ತ ಗಿರಗಿರನೆ ತಿರುಗಿಸುತ್ತಿದ್ದನು. ಒಂದು ರಾತ್ರಿ ಸರಪಣಿ ಕಳಚಿ ಹುಡುಗನು ಪ್ರೇಕ್ಷಕರ ನಡುವೆ ಹೋಗಿ ಬಿದ್ದನು. ಯಾರೋ ಒಬ್ಬ ಮುದುಕರ ತೋಳುಗಳಲ್ಲಿ ಬಿದ್ದುದರಿಂದ ಬದುಕಿದನೆಂದು ಅವನ ನೆನಪುಗಳ ಪುಸ್ತಕವು ಹೇಳುತ್ತದೆ. ೧೭೮೮ರಲ್ಲಿ ತಂದೆ ಸತ್ತನು. ಆಗ ಸ್ಯಾಡ್ಲರ್ಸ್ ವೆಲ್ಸ್ ನಾಟಕಶಾಲೆಯವರು ಒಂಬತ್ತು ವರ್ಷದ ಈ ಹುಡುಗನ ಸಂಬಳವನ್ನು ವಾರಕ್ಕೆ ೧೫ ಷಿಲ್ಲಿಂಗಿನಿಂದ ೩ ಷಿಲ್ಲಿಂಗಿಗೆ ಇಳಿಸಿದರು. ತಂದೆ ಸತ್ತಮೇಲೆ ಹುಡುಗನ ಹಾಸ್ಯವು ಐದರಲ್ಲಿ ಒಂದು ಪಾಲಿಗೆ ಇಳಿಯಿತೆಂದು ಅವರು ಎಣಿಸಿದರೋ ಏನೋ! ಡ್ರೂರಿ ಲೇನಿನ ಯಜಮಾನನಾಗಿದ್ದ ನಾಟಕಕಾರ ಷೆರಿಡನ್ನನು ಮಾತ್ರ ಆ ಮನೆಯ ಕಷ್ಟವನ್ನು ಕಂಡು ಸಂಬಳವನ್ನು ಹೆಚ್ಚಿಸಿದನು ಎಂಬುದನ್ನೂ ಹೇಳಿಬಿಡತಕ್ಕದ್ದು.

ಮುಂದೆ ಅವನು ಪಡೆದ ಕೀರ್ತಿ ಅಸಾಧಾರಣವಾದುದು. ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಕಾಲದಲ್ಲಿ ಆಡುವ ಪ್ಯಾಂಟೊಮೈಮ್ ಎಂಬ ವಿನೋದ ನಾಟಕದಲ್ಲಿ ಅದುವರೆಗೆ ಹಾರ್ಲೆಕ್ವಿನ್ನನೇ ನಾಯಕ. ಕ್ಲೌನ್ ಎಂಬವನು ಒದೆ ತಿನ್ನುವ ಹಳ್ಳಿಯ ಗಮಾರ. ಗ್ರಿಮಾಲ್ಡಿಯು ಅವನ ಮುಖಕ್ಕೆ ಬಿಳಿಯ ಬಣ್ಣ ಬಳಿದು, ಕೆನ್ನೆಗಳ ಮೇಲೆ ಕೆಂಪು ತ್ರಿಕೋಣಗಳನ್ನು ಬರೆದು, ಅವನನ್ನು ಇಡೀ ಆಟದ ಒಡೆಯನನ್ನಾಗಿ ಮಾಡಿದನು. ೧೮೦೬ನೆಯ ಡಿಸೆಂಬರ್ ೨೯ರಂದು ಕೋವೆಂಟ್ ಗಾರ್ಡನ್ ನಾಟಕಶಾಲೆಯಲ್ಲಿ ಮೊದಲಾದ 'ಮದರ್ ಗೂಸ್' ಒಂದೇ ಋತುವಿನಲ್ಲಿ ೯೨ ರಾತ್ರಿ ನಡೆಯಿತು. ನಾಟಕಶಾಲೆಗೆ ೨೦,೦೦೦ ಪೌಂಡು ಲಾಭ ಬಂದಿತೆಂದು ಹೇಳುತ್ತಾರೆ. ಇಂದಿಗೂ ಇಂಗ್ಲಿಷಿನಲ್ಲಿ ಸರ್ಕಸ್ಸಿನ ಕೋಡಂಗಿಗೆ 'ಜೋಯಿ' ಎಂದು ಅವನ ಮುದ್ದುಹೆಸರೇ ನಿಂತಿದೆ. ಒಬ್ಬನ ಹೆಸರು ಅವನ ಕಸುಬಿಗೇ ಹೆಸರಾಗುವುದು ಎಷ್ಟು ಮಂದಿ ಕಲಾವಿದರಿಗೆ ದೊರೆತ ಭಾಗ್ಯ?

ಮನೆಯಲ್ಲಿ ಅವನು ಹೇಗಿದ್ದನು? ಕಟ್ಟುಕಥೆಯವರನ್ನು ಕೇಳಿದರೆ ಹಗಲೆಲ್ಲ ಗೋಡೆಗೆ ಮುಖಮಾಡಿ ಕುಳಿತಿದ್ದನೆನ್ನುವರು. ಅವನ ಬದುಕಿನ ಪುಸ್ತಕವು ಬೇರೆಯದನ್ನು ಹೇಳುತ್ತದೆ. ಆತನು ಮಿತಭಾಷಿ, ಕುಡಿತದಲ್ಲಿ ಆಸೆಯಿಲ್ಲದವನು, ಚಿಟ್ಟೆಗಳೆಂದರೆ ಪ್ರಾಣ ಬಿಡುವವನು. ರಾತ್ರಿ ಆಟ ಮುಗಿದೊಡನೆ ಬಣ್ಣ ತೊಳೆದುಕೊಂಡು, ಕತ್ತಲಲ್ಲಿಯೇ ನಡೆದು ಡಾರ್ಟ್‌ಫರ್ಡ್ ಎಂಬ ದೂರದ ಊರನ್ನು ಬೆಳಗಿನ ಜಾವಕ್ಕೆ ಮುಟ್ಟಿ, ಅಲ್ಲಿ ಒಂದು ಜಾತಿಯ ನೀಲಿ ಚಿಟ್ಟೆಗಳನ್ನು ಹಿಡಿದು, ಮತ್ತೆ ಸಂಜೆಯ ಆಟಕ್ಕೆ ಹಿಂದಿರುಗುತ್ತಿದ್ದನು. ಹೀಗೆ ಸಾವಿರಾರು ಕೀಟಗಳನ್ನು ಕೂಡಿಸಿ ಪೆಟ್ಟಿಗೆಗಳಲ್ಲಿ ಜೋಡಿಸಿದ್ದನು. ಕಳ್ಳರು ಮನೆಗೆ ನುಗ್ಗಿ ಅದನ್ನು ಹಾಳುಮಾಡಿದಾಗ, ಉಳಿದುದನ್ನು ಹಂಚಿಬಿಟ್ಟು ಪಾರಿವಾಳ ಸಾಕುವುದಕ್ಕೆ ತೊಡಗಿದನು. ಇದು ವಿಷಣ್ಣನಾದವನ ದಿನಚರಿಯಂತೆ ತೋರುತ್ತದೆಯೆ? ತನ್ನ ಹೆಸರನ್ನು ಒಡೆದು, ತಾನು 'ಗ್ರಿಮ್ ಆಲ್ ಡೇ', ಎಂದರೆ ಹಗಲೆಲ್ಲ ಕಳೆಗುಂದಿದವನು, ರಾತ್ರಿ ಮಾತ್ರ ನಿಮ್ಮನ್ನು ನಗಿಸುವವನು ಎಂದು ಅವನು ಹೇಳಿಕೊಂಡನಂತೆ. ಇದೊಂದು ಶ್ಲೇಷೆ. ಶ್ಲೇಷೆಯಿಂದಲೇ ಹೊಟ್ಟೆ ಹೊರೆಯುವವನ ಬಾಯಿಂದ ಬಂದ ಶ್ಲೇಷೆಯನ್ನು ನ್ಯಾಯಸ್ಥಾನದ ಹೇಳಿಕೆಯಂತೆ ಬರೆದುಕೊಂಡವರ ರಸಿಕತೆಗೆ ಏನೆನ್ನಬೇಕು!

ದುಃಖವೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಬೇಕಾದಷ್ಟು ಇತ್ತು. ಆದರೆ ಅದೊಂದೊಂದಕ್ಕೂ ಕಾರಣವೂ ತೇದಿಯೂ ಉಂಟು. ೧೮೦೦ರಲ್ಲಿ ಮೊದಲನೆಯ ಹೆಂಡತಿಯು ಹೆರಿಗೆಯಲ್ಲಿ ತೀರಿಕೊಂಡಳು. ೧೮೦೧ರಲ್ಲಿ ಆಟದ ನಡುವೆ ಬೂಟಿನೊಳಗೆ ಸಿಕ್ಕಿಸಿದ್ದ ಪಿಸ್ತೂಲು ಹಾರಿ ಪಾದ ಸುಟ್ಟುಹೋಯಿತು. ಎರಡು ನಾಟಕಶಾಲೆಗಳಲ್ಲಿ ಒಂದೇ ರಾತ್ರಿ ಕೆಲಸವಿದ್ದಾಗ ಒಂದರಿಂದ ಇನ್ನೊಂದಕ್ಕೆ ಬಣ್ಣದ ಮುಖದಲ್ಲಿಯೇ ಓಡುತ್ತಿದ್ದನು. ಬೀಳುವುದು, ಉರುಳುವುದು, ಜಿಗಿಯುವುದು, ಒದೆಯಿಸಿಕೊಳ್ಳುವುದು, ಇವೇ ಅವನ ವಿದ್ಯೆ. ನಲವತ್ತು ವರ್ಷ ಆ ವಿದ್ಯೆಯನ್ನು ನಡೆಸಿದ ಮೈಯಲ್ಲಿ ಕೀಲುಗಳು ಎಷ್ಟು ಉಳಿದಿರಬಹುದು? ೧೮೨೩ರಲ್ಲಿ, ಅವನ ಕೊನೆಯ ಋತುವಿನಲ್ಲಿ, ಪಕ್ಕದ ಪರದೆಗಳ ಮರೆಯಲ್ಲಿ ಆಳುಗಳನ್ನು ನಿಲ್ಲಿಸಿರುತ್ತಿದ್ದರು. ದೃಶ್ಯ ಮುಗಿಸಿ ತತ್ತರಿಸುತ್ತ ಒಳಗೆ ಬಂದವನನ್ನು ಕೆಲವರು ತೋಳುಗಳಲ್ಲಿ ಹಿಡಿದುಕೊಳ್ಳುವರು. ಕೆಲವರು ಸೆಡೆತುಹೋದ ಕೈಕಾಲುಗಳನ್ನು ತಿಕ್ಕುವರು. ಮತ್ತೆ ಕರೆ ಬಂದೊಡನೆ ರಂಗದ ಮೇಲಕ್ಕೆ ಬಿಡುವರು. ಆಚೆ ಚಪ್ಪಾಳೆ ನಿಂತಿರಲಿಲ್ಲ. ಆಗ ಅವನಿಗೆ ನಲವತ್ತನಾಲ್ಕು ವರ್ಷ.

ವಾಚಕರೇ ಯೋಚಿಸಲಿ. ಇಲ್ಲಿ ಅಂತರಂಗದ ರಹಸ್ಯವೆಲ್ಲಿ? ವಿಧಿಯ ವೈಚಿತ್ರ್ಯವೆಲ್ಲಿ? ಇಲ್ಲಿರುವುದು ದುಡಿದು ಮುರಿದ ಮೈ. ಗಾರೆಯವನು ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡರೆ 'ಕಟ್ಟಡ ಕಟ್ಟುವವರ ಆತ್ಮದಲ್ಲಿ ಒಂದು ಬಗೆಯ ವಿಷಾದವುಂಟು' ಎಂದು ಯಾರೂ ಹೇಳುವುದಿಲ್ಲ. ಅವನ ಹೆಂಡತಿ ಮಕ್ಕಳಿಗೆ ಯಾರು ಗತಿ ಎಂದು ಕೇಳುತ್ತಾರೆ. ಹಾಸ್ಯಗಾರನ ವಿಷಯದಲ್ಲಿ ಮಾತ್ರ ಆ ಪ್ರಶ್ನೆಯನ್ನು ನುಂಗಿಕೊಂಡು ತತ್ತ್ವವನ್ನು ಹೇಳುತ್ತೇವೆ. ಅವನ ನೋವು ಅವನ ಸ್ವಭಾವವೆಂದು ಒಮ್ಮೆ ತೀರ್ಮಾನಿಸಿಬಿಟ್ಟರೆ ಸಂಬಳ ಕೊಟ್ಟವನಿಗೂ ಟಿಕೆಟ್ಟು ಕೊಂಡವನಿಗೂ ಅದರ ಗೊಡವೆಯಿಲ್ಲ. ಈ ಕಥೆಯು ಇಷ್ಟು ಜನಪ್ರಿಯವಾಗಿರುವುದು ಇದರಿಂದಲೇ ಎಂದು ನನ್ನ ಅಭಿಪ್ರಾಯ. ಕಣ್ಣೀರು ಹಾಕಿದ ಪುಣ್ಯವೂ ದೊರೆಯಿತು, ಖರ್ಚೂ ಇಲ್ಲ.

ಈ ಪಾಪದಲ್ಲಿ ದೊಡ್ಡವರೂ ಭಾಗಿಗಳು. ಚಾರ್ಲ್ಸ್ ಡಿಕನ್ಸನು ೧೮೩೬ರಲ್ಲಿ 'ಪಿಕ್‌ವಿಕ್ ಪೇಪರ್ಸ್' ಗ್ರಂಥದಲ್ಲಿ ಕುಡಿದು ಸಾಯುವ ಒಬ್ಬ ಹಾಸ್ಯಗಾರನ ಕಥೆಯನ್ನು ಸೇರಿಸಿದನು. ಬಣ್ಣ ಬಳಿದ ಮುಖ, ಒಣಗಿದ ದೇಹ, ಅರೆಹೊಟ್ಟೆಯ ಹೆಂಡತಿ ಮಕ್ಕಳು, ಎಲ್ಲವೂ ಅಲ್ಲಿವೆ. ಗ್ರಿಮಾಲ್ಡಿಯು ತನ್ನ ಕೊನೆಯ ದಿನಗಳಲ್ಲಿ ತಾನೇ ಹೇಳಿ ಬರೆಯಿಸಿದ್ದ ಚರಿತ್ರೆಯನ್ನು, ಅವನು ಸತ್ತ ಮೇಲೆ, ಪ್ರಕಾಶಕ ಬೆಂಟ್ಲಿಯು ತಿದ್ದುವುದಕ್ಕಾಗಿ ಇದೇ ಡಿಕನ್ಸನ ಕೈಗೆ ಕೊಟ್ಟನು. ಅದಾಗಲೇ ಇನ್ನೊಬ್ಬರ ಕತ್ತರಿಗೆ ಸಿಕ್ಕಿ ಬಂದಿತ್ತು. ಡಿಕನ್ಸನು ಬಹುಭಾಗವನ್ನು ತಂದೆಗೆ ಹೇಳಿ ಬರೆಯಿಸಿ, ೧೮೩೮ರಲ್ಲಿ ಎರಡು ಸಂಪುಟಗಳಾಗಿ ಹೊರಡಿಸಿದನು. ಹೀಗೆ, ಜೀವಮಾನವೆಲ್ಲ ಮಾತಿಲ್ಲದ ಅಭಿನಯದಿಂದ ಬದುಕಿದವನು ಕಡೆಗೊಮ್ಮೆ ತನ್ನ ಮಾತನ್ನು ಆಡಿದರೆ, ಅದೂ ನಮಗೆ ಎರಡು ಜರಡಿಗಳ ಮೂಲಕವೇ ದೊರೆಯುತ್ತದೆ. ಡಿಕನ್ಸನ ಪ್ರತಿಭೆಗೆ ನಾನು ಕೈಮುಗಿಯುವವನೇ. ಆದರೂ ಸಾಯುವ ವಿದೂಷಕನನ್ನು ಮೊದಲು ಕಲ್ಪಿಸಿಟ್ಟುಕೊಂಡು, ಬಳಿಕ ಬದುಕಿದ್ದ ವಿದೂಷಕನ ಚರಿತ್ರೆಯನ್ನು ತಿದ್ದುವುದಕ್ಕೆ ಕುಳಿತವನ ಕೈ ಯಾವ ಕಡೆಗೆ ವಾಲೀತೆಂಬ ಸಂಶಯ ನನಗೆ ತಪ್ಪದು.

ರಸಜ್ಞರು ಇಲ್ಲಿ ಒಂದು ಮಾತನ್ನು ಎತ್ತುವರು: ದುಃಖವನ್ನುಂಡವನಿಗಲ್ಲದೆ ಹಾಸ್ಯವು ಸಿದ್ಧಿಸದು, ಆದುದರಿಂದ ಅಳುವೇ ನಗೆಯ ತಾಯಿ, ಎಂದು. ಕೇಳುವುದಕ್ಕೆ ಸೊಗಸಾಗಿದೆ. ಆದರೆ ೧೮೦೦ರ ಲಂಡನ್ನಿನಲ್ಲಿ ಹೆರಿಗೆಯಲ್ಲಿ ಹೆಂಡತಿಯನ್ನು ಕಳೆದುಕೊಂಡವನು ಗ್ರಿಮಾಲ್ಡಿ ಒಬ್ಬನೇ ಅಲ್ಲವಷ್ಟೆ? ಉಳಿದವರಾರೂ 'ಮದರ್ ಗೂಸ್' ಆಡಲಿಲ್ಲ. ದುಃಖವು ಎಲ್ಲರ ಸೊತ್ತು, ವಿದ್ಯೆ ಹಾಗಲ್ಲ. ಮೂರು ವರ್ಷಕ್ಕೆ ಮೊದಲೇ ಆರಂಭವಾದ ಅಭ್ಯಾಸ, ಕಾಲವನ್ನು ಅರೆಕ್ಷಣದ ಮಟ್ಟಿಗೆ ಅಳೆಯಬಲ್ಲ ಕಣ್ಣು, ಒಂದು ಬುಟ್ಟಿ ತರಕಾರಿಯಿಂದ ಮನುಷ್ಯಾಕಾರವನ್ನು ಕಟ್ಟಿ ನಿಲ್ಲಿಸುವ ಕಲ್ಪನೆ, ಇವುಗಳಿಂದ ಅವನು ಕ್ಲೌನ್ ಆದನು. ಅವನ ಹಾಸ್ಯಕ್ಕೆ ಅವನ ಅಳುವನ್ನು ಕಾರಣವಾಗಿ ಹೇಳುವವರು ಅವನಿಂದ ದುಡಿಮೆಯ ಫಲವನ್ನೂ ಕಿತ್ತುಕೊಳ್ಳುತ್ತಾರೆ. ಸಂಗೀತಗಾರನ ಸಾಧನೆಯನ್ನು ಲೆಕ್ಕ ಹಾಕುತ್ತೇವೆ. ನಗಿಸುವವನಿಗೆ ಮಾತ್ರ ಹೊಟ್ಟೆನೋವೇ ಗುರು!

ಇನ್ನು ಹೊರಗಿನದು ವೇಷ, ಒಳಗಿನದು ನಿಜ ಎಂಬ ಮಾತು. ಮೋಲಿಯೇರನನ್ನು ನೆನೆಯಿರಿ. ೧೬೭೩ನೆಯ ಫೆಬ್ರವರಿ ೧೭ರಂದು ಅವನು ತಾನೇ ಬರೆದ ಪ್ರಹಸನದಲ್ಲಿ, ಇಲ್ಲದ ರೋಗಗಳನ್ನು ತನಗೆ ಉಂಟೆಂದುಕೊಂಡು ನರಳುವ ಮನುಷ್ಯನ ಪಾತ್ರವನ್ನು, ನಿಜವಾದ ರೋಗದಿಂದ ನರಳುತ್ತಲೇ ಆಡಿದನು. ನಡುವೆ ಸೆಳವು ಬಂದಿತು. ಅದನ್ನು ನಗೆಯಲ್ಲಿ ಮುಚ್ಚಿದನು. ಆ ರಾತ್ರಿಯೇ ಮನೆಯಲ್ಲಿ ಸತ್ತನು. ಆ ದಿನ ಆಡಬೇಡವೆಂದು ಆಪ್ತರು ಬೇಡಿಕೊಂಡಾಗ, ದಿನಗೂಲಿಯ ಮೇಲೆ ಬದುಕುವ ಐವತ್ತು ಮಂದಿ ಕೆಲಸಗಾರರಿದ್ದಾರೆ, ಆಟವಿಲ್ಲದಿದ್ದರೆ ಅವರೇನು ಮಾಡಬೇಕು, ಎಂದು ಕೇಳಿದನೆಂದು ಅವನ ಮೊದಲ ಚರಿತ್ರಕಾರನು ಬರೆದಿದ್ದಾನೆ. ಆ ಸಂಜೆ ಯಾವ ಮೋಲಿಯೇರನು ನಿಜ, ಯಾವನು ವೇಷ? ಕೆಮ್ಮಿದವನೆ, ನಗಿಸಿದವನೆ, ಕೂಲಿಯವರ ಊಟವನ್ನು ಲೆಕ್ಕ ಹಾಕಿದವನೆ? ಹೀಗೆ ಒಬ್ಬ ಮನುಷ್ಯನನ್ನು ಸೀಳಿ ಎರಡು ಮಾಡುವ ಹಕ್ಕು ನಮಗೆ ಬಂದುದೆಲ್ಲಿಂದ?

ನಮ್ಮ ಮನೆಗಳ ನಡತೆಯನ್ನೂ ನೋಡಿಕೊಳ್ಳೋಣ. ಹಾಸ್ಯಕ್ಕೆ ಹೆಸರಾದವರೊಬ್ಬರು ಮದುವೆಗೆ ಬಂದರೆ, ಎಲೆಯ ಮುಂದೆ ಕುಳಿತು ಸಾರನ್ನ ಕಲಸುವುದಕ್ಕೆ ಮೊದಲೇ, "ಸ್ವಾಮಿ, ಏನಾದರೂ ನಗಿಸಿ" ಎಂದು ಪೀಡಿಸುತ್ತೇವೆ. ಅವರು ಸುಮ್ಮನೆ ಉಂಡರೆ ಗರ್ವವೆನ್ನುತ್ತೇವೆ, ಮಕ್ಕಳ ಪರೀಕ್ಷೆಯ ವಿಷಯವನ್ನೋ ಮನೆಬಾಡಿಗೆಯ ವಿಷಯವನ್ನೋ ಮಾತಾಡಿದರೆ, "ಇಷ್ಟೇ ಏನು ಇವರು?" ಎಂದು ಮುಖ ತಿರುಗಿಸುತ್ತೇವೆ; ಮುಖ ಬಾಡಿದ್ದರೆ ಮಾತ್ರ, "ನೋಡಿದಿರಾ, ಒಳಗೆ ಎಷ್ಟು ನೋವಿದೆಯೋ" ಎಂದು ಪರಸ್ಪರ ಕಿವಿಯಲ್ಲಿ ಹೇಳಿಕೊಂಡು ತೃಪ್ತರಾಗುತ್ತೇವೆ. ನಗಿಸಬೇಕು, ಇಲ್ಲವೆ ಅಳಬೇಕು. ಬರಿಯ ಗೃಹಸ್ಥನಾಗಿರುವುದಕ್ಕೆ ಅವರಿಗೆ ಅನುಮತಿಯಿಲ್ಲ.

ಗ್ರಿಮಾಲ್ಡಿಯ ಕೊನೆಯ ವರ್ಷಗಳನ್ನು ಹೇಳಿ ನಿಲ್ಲಿಸುತ್ತೇನೆ. ೧೮೨೮ರಲ್ಲಿ, ಕೈಯಲ್ಲಿ ಕಾಸಿಲ್ಲದಿದ್ದಾಗ, ತನ್ನ ಸಹಾಯಾರ್ಥವಾಗಿ ಒಂದು ನಾಟಕವಾಡಲು ಅವನು ಅಪೇಕ್ಷಿಸಿದನು. 'ಮದರ್ ಗೂಸ್'ನಿಂದ ಅಷ್ಟು ಲಾಭವನ್ನು ಉಂಡ ಕೋವೆಂಟ್ ಗಾರ್ಡನ್ನಿನಲ್ಲಿ ಅದು ನಡೆಯಲಿಲ್ಲ. ಡ್ರೂರಿ ಲೇನಿನವರು ಸ್ಥಳ ಕೊಟ್ಟರು. ಜೂನ್ ೨೭ರಂದು, ನಿಲ್ಲಲಾರದ ಕ್ಲೌನ್ ಕುರ್ಚಿಯ ಮೇಲೆ ಕುಳಿತೇ ಒಂದು ದೃಶ್ಯವನ್ನು ಆಡಿದನು. ಬಳಿಕ ನಟರ ಸಹಾಯನಿಧಿಯಿಂದ ವರ್ಷಕ್ಕೆ ೧೦೦ ಪೌಂಡು ಬರುತ್ತಿತ್ತು. ತನ್ನ ಸ್ಥಾನಕ್ಕೆ ಬರಲೆಂದು ತಾನೇ ತಯಾರುಮಾಡಿದ್ದ ಮಗನು ಕುಡಿತದಿಂದ ಕೆಟ್ಟು ೧೮೩೨ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ ಸತ್ತನು. ಎರಡನೆಯ ಹೆಂಡತಿಯೂ ಕೆಲವು ಕಾಲದಲ್ಲಿಯೇ ತೀರಿಹೋದಳು. ಪೆಂಟನ್‌ವಿಲ್ ಎಂಬಲ್ಲಿಯ ಒಂದು ಮನೆಯಲ್ಲಿ ಒಂಟಿಯಾಗಿದ್ದು, ಸಂಜೆ ಹತ್ತಿರದ ಪಾನಗೃಹದಲ್ಲಿ ನಾಲ್ಕು ಜನರ ನಡುವೆ ಕುಳಿತು, ರಾತ್ರಿ ಮನೆಗೆ ಬರುವನು. ನಡೆಯುವ ಶಕ್ತಿಯಿಲ್ಲದುದರಿಂದ ಪಾನಗೃಹದ ಯಜಮಾನ ಜಾರ್ಜ್ ಕುಕ್ ಎಂಬವನು ದಿನವೂ ಅವನನ್ನು ಬೆನ್ನಮೇಲೆ ಹೊತ್ತು ತಂದು ಬಿಡುತ್ತಿದ್ದನು. ಅಭಿಮಾನಿಗಳ ಪಟ್ಟಿಯಲ್ಲಿ ನಾನು ಮೊದಲು ಬರೆಯುವುದು ಈತನ ಹೆಸರನ್ನು.

೧೮೩೭ನೆಯ ಮೇ ೩೧ರ ರಾತ್ರಿಯೂ ಹಾಗೆಯೇ ಹೊತ್ತು ತಂದು ಬಿಟ್ಟನು. ಬೆಳಗ್ಗೆ ನೋಡಿದಾಗ ಗ್ರಿಮಾಲ್ಡಿ ಹಾಸಿಗೆಯಲ್ಲಿ ಸತ್ತಿದ್ದನು. ವಯಸ್ಸು ಐವತ್ತೆಂಟು. ಸಾವಿನ ಕಾರಣವನ್ನು ನಿರ್ಣಯಿಸಲು ವಿಚಾರಣೆ ನಡೆಯಿತು. ಮೈಯ ಕೀಲುಗಳ ವಿಚಾರವಾಗಲಿ, ಸಂಬಳಗಳ ವಿಚಾರವಾಗಲಿ ಅಲ್ಲಿಯ ತೀರ್ಪಿನಲ್ಲಿ ಬರಲಿಲ್ಲ. ದೈವಾಧೀನವಾಗಿ ಮರಣ, ಎಂದು ಬರೆದರು.