ಊರ ಹೆಸರನ್ನು ಯಾರು ಬರೆಯಬೇಕು?

ಪ್ರವಾಸ ಹೋಗಿ ಬಂದವರ ಫೋಟೋಗಳನ್ನು ನೋಡುವುದು ನಮ್ಮ ಬಿಟಿಎಂ ಲೇಔಟಿನಲ್ಲಿ ಭಾನುವಾರದ ನಿತ್ಯಕರ್ಮಗಳಲ್ಲಿ ಒಂದಾಗಿದೆ. ಕಳೆದ ವಾರ ನೆರೆಮನೆಯ ಮಿತ್ರರು ಮಲೆನಾಡು ಸುತ್ತಿ ಬಂದು 800 ಚಿತ್ರಗಳನ್ನು ನನಗೆ ತೋರಿಸಲು ಕುಳಿತರು. ಒಂದು ಹೊಳೆಯ ಚಿತ್ರ ಬಹಳ ಚೆನ್ನಾಗಿತ್ತು. “ಇದು ಯಾವ ಊರು?” ಎಂದೆ. “ಯಾವುದೋ ಹೊಳೆ ಮೇಷ್ಟ್ರೇ, ಫೋನಿಗೆ ಗೊತ್ತಿರತ್ತೆ ಬಿಡಿ” ಎಂದರು. ನನ್ನ ತಕರಾರೆಲ್ಲ ಈ ಮಾತಿನ ಮೇಲೆಯೇ.

ಫೋನಿಗೆ ಗೊತ್ತಿರುತ್ತದೆ, ನಿಜ. ಸ್ಥಳ ಗುರುತಿಸಲು ಅದಕ್ಕೆ ಅಪ್ಪಣೆ ಕೊಟ್ಟಿದ್ದರೆ ಪ್ರತಿಯೊಂದು ಚಿತ್ರದೊಳಗೂ ಅಕ್ಷಾಂಶ ರೇಖಾಂಶಗಳು ಸೇರಿಕೊಳ್ಳುತ್ತವೆ. ಅವುಗಳ ಆಧಾರದಿಂದ ಚಿತ್ರಗಳನ್ನು ಊರೂರಿಗೆ ವಿಂಗಡಿಸಿಯೂ ಕೊಡುತ್ತದೆ. ಇದನ್ನು ಹಳಿಯುವಷ್ಟು ಮಡಿವಂತ ನಾನಲ್ಲ. ಆದರೆ ಅದೇ ಚಿತ್ರವನ್ನು ನಾವು ದಿನವೂ ಬಳಸುವ ಸಂದೇಶದ ಆ್ಯಪಿನಲ್ಲಿ ಚಿಕ್ಕಮ್ಮನಿಗೆ ಕಳುಹಿಸಿ ನೋಡಿ. ಚಿತ್ರವನ್ನು ಕುಗ್ಗಿಸಿ ಸಾಗಿಸುವಾಗ ಆ ಅಂಕಿಗಳು ಸಾಮಾನ್ಯವಾಗಿ ಉದುರಿಹೋಗುತ್ತವೆ. ಚಿಕ್ಕಮ್ಮನ ಕೈಸೇರುವುದು ಊರಿಲ್ಲದ, ಹೆಸರಿಲ್ಲದ ಒಂದು ಹೊಳೆ.

ಸಾಗರದ ನಮ್ಮ ಹಳೆಯ ಮನೆಯ ಟ್ರಂಕಿನಲ್ಲಿ ಅಜ್ಜನ ಕಾಲದ ಮೂರು ಫೋಟೋಗಳಿದ್ದವು. ಒಂದರ ಹಿಂಬದಿಯಲ್ಲಿ ಮಾತ್ರ ಅಜ್ಜ ಶಾಯಿಯಲ್ಲಿ “ಮಡೆನೂರು, ಕಟ್ಟೆಯ ಮೇಲೆ” ಎಂದು ಬರೆದಿದ್ದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಮಡೆನೂರಿನ ಆ ಹಳೆಯ ಕಟ್ಟೆ ಶರಾವತಿಯ ಹಿನ್ನೀರಿನಲ್ಲಿ ಮುಳುಗಿತು. ನೀರು ತೀರ ಇಳಿದ ಬೇಸಿಗೆಗಳಲ್ಲಷ್ಟೇ ತಲೆ ತೋರಿಸುತ್ತದೆ. ಆ ಜಾಗದ ಅಂಕಿಗಳನ್ನು ಇಂದು ನಕ್ಷೆಗೆ ಕೊಟ್ಟರೆ ಕಾಣುವುದು ಬರಿಯ ನೀಲಿ. ಉಳಿದೆರಡು ಫೋಟೋಗಳಲ್ಲಿ ಹೆಂಚಿನ ಮನೆಗಳಿವೆ, ಅಂಗಳದಲ್ಲಿ ಜನ ಸಾಲಾಗಿ ನಿಂತಿದ್ದಾರೆ. ಮುಳುಗಿದ ಊರೋ, ಉಳಿದ ಊರೋ, ಹೇಳಬಲ್ಲವರು ನಮ್ಮ ಮನೆಯಲ್ಲಿ ಈಗ ಯಾರೂ ಇಲ್ಲ. ಒಂದು ಸಾಲು ಬರೆದದ್ದಕ್ಕೂ ಬರೆಯದೆ ಬಿಟ್ಟದ್ದಕ್ಕೂ ಇರುವ ಅಂತರ ಇಷ್ಟು.

ಸ್ಥಳಾನುಸಾರವಾಗಿ ಜೋಡಿಸುವ ವಿದ್ಯೆ ನಮಗೆ ಹೊಸದೂ ಅಲ್ಲ. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಜಿಲ್ಲೆ, ತಾಲ್ಲೂಕುಗಳ ಕ್ರಮದಲ್ಲಿ ಜೋಡಿಸಿದರು. ಅಂಕಿಯನ್ನೂ ಹಾಕಿದರು, ಊರ ಹೆಸರನ್ನೂ ಬಿಡಲಿಲ್ಲ. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿಯ ಕಲ್ಲು ಇಂದು ಮೈಸೂರಿನಲ್ಲಿದೆ; ಆದರೂ ಅದನ್ನು ಮೈಸೂರಿನ ಶಾಸನವೆಂದು ಯಾರೂ ಕರೆಯುವುದಿಲ್ಲ. ಕಲ್ಲು ಊರು ಬಿಟ್ಟರೂ ಹೆಸರು ಬಿಡಲಿಲ್ಲ.

ನಮ್ಮ ಬಡಾವಣೆಯ ಪಾಡನ್ನೇ ನೋಡಿ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳನ್ನು ಮೂರು ಇಂಗ್ಲಿಷ್ ಅಕ್ಷರಗಳಾಗಿ ಮಡಚಿ ಬಿಟಿಎಂ ಎಂದೆವು. ತರಗತಿಯಲ್ಲಿ ಒಮ್ಮೆ ಕೇಳಿದಾಗ ಅದನ್ನು ಬಿಡಿಸಿ ಹೇಳಿದವರು ಇಬ್ಬರೇ ವಿದ್ಯಾರ್ಥಿಗಳು. ಮನೆಯ ವಿಳಾಸವನ್ನೇ ಮರೆತವರು ಹಾದಿಯ ಹಳ್ಳಿಯನ್ನು ನೆನೆದಾರೆಯೇ?

“800 ಚಿತ್ರಗಳಿಗೂ ಬರೆಯುತ್ತ ಕೂರಲು ಪುರುಸೊತ್ತೆಲ್ಲಿ?” ಎಂದು ಮಿತ್ರರು ಕೇಳಿದರು. 800 ಯಾರಿಗೆ ಬೇಕು? 20 ಸಾಕು. ಆ 20ಕ್ಕೂ ಊರು, ತಾಲ್ಲೂಕು, ಇಸವಿ, ಜೊತೆಗಿದ್ದವರ ಹೆಸರು ಇಷ್ಟನ್ನು ಕನ್ನಡದಲ್ಲಿ ಬರೆದು, ಚಿತ್ರದ ಜೊತೆಗೇ ಕಳುಹಿಸಬೇಕು. ಅಂಕಿಗಳೂ ಇರಲಿ, ಜಿಲ್ಲೆಗಳ ಗಡಿ ಬದಲಾದರೂ ಅವು ಬದಲಾಗುವುದಿಲ್ಲ. ಆದರೆ ಹೊಳೆಯ ಹೆಸರು ತಿಳಿಯಬೇಕಾದರೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರನ್ನು ಒಂದು ಮಾತು ಕೇಳಬೇಕಾಗುತ್ತದೆ. ಅಷ್ಟನ್ನೂ ಕೇಳದೆ ಬಂದವರು ಪ್ರವಾಸ ಮಾಡಿದರೆಂದು ಹೇಗೆ ಹೇಳುವುದು?

ಮಿತ್ರರು ಮುನಿಸಿಕೊಂಡು ಎದ್ದುಹೋದರು. ಮುನಿಸು ಇಳಿದ ಮೇಲೆ ಕಾರಿನ ಚಾಲಕನನ್ನಾದರೂ ಕೇಳಿ, ಆ ಹೊಳೆಯ ಹೆಸರನ್ನು ಬರೆದಿಡಲಿ. ಮುಂದೆ ಅವರ ಮೊಮ್ಮಕ್ಕಳು ಕೇಳಿಯೇ ಕೇಳುತ್ತಾರೆ. ಆಗ ಈ ಫೋನು ಇರುವುದಿಲ್ಲ.