ತಣ್ಣನೆಯ ಮಣ್ಣಿನ ಜೀವಾಣುವನ್ನು ತಣ್ಣಗೇ ಬೆಳೆಸಿ ನೋಡಬೇಕು



ಮನೆಯಲ್ಲಿ ಫ್ರಿಜ್ ಇರುವವರು ಒಂದು ಸಂಗತಿಯನ್ನು ಗಮನಿಸಿರುತ್ತೀರಿ. ಅದರೊಳಗಿಟ್ಟ ಹಾಲು ಕೂಡ ಕೆಲವು ದಿನಗಳ ಮೇಲೆ ಕೆಡುತ್ತದೆ. ಹೊರಗಿಟ್ಟ ಹಾಲಿನಂತೆ ಹುಳಿಯಾಗಿ ಒಡೆಯುವುದಕ್ಕಿಂತ ಹೆಚ್ಚಾಗಿ ಕಹಿಯಾಗಿ, ವಾಸನೆ ಹೊಡೆದು ಕೆಡುತ್ತದೆ. ಕಾರಣವಿಷ್ಟೆ: ಹಾಲನ್ನು ಹುಳಿ ಮಾಡುವ ಬ್ಯಾಕ್ಟೀರಿಯಾಗಳಿಗೆ ಬಿಸುಪು ಬೇಕು, ಚಳಿಯಲ್ಲಿ ಅವು ಸುಮ್ಮನಾಗುತ್ತವೆ. ಅವು ಸುಮ್ಮನಾದಾಗ ಚಳಿಯಲ್ಲಿ ಬದುಕಬಲ್ಲ ಬೇರೆ ಬ್ಯಾಕ್ಟೀರಿಯಾಗಳು ನಿಧಾನವಾಗಿ ತಲೆಯೆತ್ತುತ್ತವೆ. ತಣ್ಣಗಾದ ಮಾತ್ರಕ್ಕೆ ಕೆಲಸ ನಿಂತಿತೆಂದಲ್ಲ, ಕೆಲಸಗಾರರು ಬದಲಾದರು ಅಷ್ಟೆ.

ಮಣ್ಣಿನಲ್ಲಿಯೂ ಹೀಗೆಯೇ ನಡೆಯುತ್ತದೆ ಎಂಬುದನ್ನು ನಾವು, ಎಂದರೆ ಮಣ್ಣಿನ ಸೂಕ್ಷ್ಮಾಣುಜೀವಿಗಳನ್ನು ಓದುವವರು, ಬಹಳ ತಡವಾಗಿ ಕಂಡುಕೊಂಡೆವು. ಆ ತಪ್ಪಿನ ಕಥೆಯನ್ನೂ ಅದರಿಂದ ನನಗೆ ಮೂಡಿರುವ ಒಂದು ಅಭಿಪ್ರಾಯವನ್ನೂ ತಮ್ಮ ಮುಂದಿಡುತ್ತೇನೆ.

ನೀವು ಹಾಕಿದ ಯೂರಿಯಾ ಮಣ್ಣಿನಲ್ಲಿ ಮೊದಲು ಅಮೋನಿಯಾ ಆಗುತ್ತದೆ. ಒಂದು ಗುಂಪಿನ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಬೆಳೆಗೆ ಒಳ್ಳೆಯ ಆಹಾರವೇ. ಆದರೆ ಅದು ಮಣ್ಣಿನ ಕಣಗಳಿಗೆ ಅಂಟಿ ನಿಲ್ಲುವುದಿಲ್ಲ. ಜೋರು ಮಳೆ ಬಂದರೆ ನೀರಿನೊಡನೆ ಕೆಳಗೆ ಬಸಿದು ಹೋಗುತ್ತದೆ, ನೀರು ನಿಂತ ಹೊಲದಲ್ಲಾದರೆ ಅನಿಲವಾಗಿ ಹಾರಿ ಹೋಗುತ್ತದೆ. ಹಣ ಕೊಟ್ಟು ತಂದ ಸಾರಜನಕ ಎಷ್ಟು ದಿನ ಹೊಲದಲ್ಲಿ ಉಳಿಯುತ್ತದೆ ಎಂಬುದು ಕಣ್ಣಿಗೆ ಕಾಣದ ಈ ಜೀವಾಣುಗಳ ವೇಗವನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಇವುಗಳನ್ನು ಬೆಳೆಸುವುದು ಸುಲಭವಲ್ಲ. ಮೊದಲಿನವರು ಮಾಂಸದ ಸಾರು, ಜೆಲಟಿನ್ ಮೊದಲಾದ ಪುಷ್ಟಿಯ ಆಹಾರ ಕೊಟ್ಟು ಕಾದು ಸೋತರು. ಸಾವಯವ ಪದಾರ್ಥವೇ ಇಲ್ಲದ, ಬರೀ ಲವಣಗಳ ದ್ರಾವಣದಲ್ಲಿ ಇವು ಬೆಳೆಯುತ್ತವೆಂದು ವಿನೊಗ್ರಾಡ್ಸ್ಕಿ ಎಂಬ ವಿಜ್ಞಾನಿ 1890ರಲ್ಲಿ ಜೂರಿಚ್ ನಗರದಲ್ಲಿ ತೋರಿಸಿಕೊಟ್ಟರು. ಉಪವಾಸ ಕೆಡವಿದಾಗಲೇ ಕಾಣಿಸಿಕೊಂಡ ಜೀವಿಗಳಿವು!

ಆಹಾರದ ತಪ್ಪು ಹೀಗೆ ತಿದ್ದಿತು. ಉಷ್ಣಾಂಶದ ತಪ್ಪು ಮಾತ್ರ ಉಳಿದುಕೊಂಡಿತು. ಪ್ರಯೋಗಾಲಯಗಳಲ್ಲಿ ಈ ಜೀವಾಣುಗಳನ್ನು ಸಾಮಾನ್ಯವಾಗಿ 28ರಿಂದ 30 ಡಿಗ್ರಿ ಸೆಂಟಿಗ್ರೇಡಿನ ಪೆಟ್ಟಿಗೆಯಲ್ಲಿಟ್ಟು ಬೆಳೆಸುತ್ತೇವೆ, ಏಕೆಂದರೆ ಫಲಿತಾಂಶ ಬೇಗ ಸಿಗುತ್ತದೆ. ಅಲ್ಲಿ ಹುಲುಸಾಗಿ ಬೆಳೆದು ಬಂದದ್ದು ನೈಟ್ರೋಬ್ಯಾಕ್ಟರ್. ಆದ್ದರಿಂದ ಮಣ್ಣಿನಲ್ಲಿ ನೈಟ್ರೈಟನ್ನು ಮಾರ್ಪಡಿಸುವುದು ನೈಟ್ರೋಬ್ಯಾಕ್ಟರ್ ಎಂದು ಪಠ್ಯಪುಸ್ತಕಗಳಲ್ಲಿ ಬರೆದೆವು, ತರಗತಿಗಳಲ್ಲಿ ಬಾಯಿಪಾಠ ಮಾಡಿಸಿದೆವು. ಚಳಿಯಲ್ಲಿ ಈ ಕ್ರಿಯೆ ಬಹಳ ನಿಧಾನವೆಂದು ಸರಿಯಾಗಿಯೇ ಹೇಳಿದೆವು. ಆದರೆ ‘ನಿಧಾನ’ ಎಂಬುದು ಬರಬರುತ್ತಾ ಹಲವರ ಮನಸ್ಸಿನಲ್ಲಿ ‘ಇಲ್ಲ’ ಎಂದಾಯಿತು.

ಸೈಬೀರಿಯದ ಉತ್ತರದ ತುದಿಯಲ್ಲಿ ಲೆನಾ ನದಿ ಸಮುದ್ರ ಸೇರುವ ಕಡೆ ಸಮೋಯ್ಲೊವ್ ಎಂಬ ದ್ವೀಪವಿದೆ. ಅಲ್ಲಿನ ನೆಲ ಬಹಳ ಆಳದವರೆಗೆ ಸದಾ ಹೆಪ್ಪುಗಟ್ಟಿರುತ್ತದೆ. ಬೇಸಿಗೆಯಲ್ಲಿ ಮೇಲಿನ ಸುಮಾರು ಅರ್ಧ ಮೀಟರಿನಷ್ಟು ಮಣ್ಣು ಮಾತ್ರ ಕರಗುತ್ತದೆ, ಚಳಿಗಾಲದಲ್ಲಿ ಮತ್ತೆ ಕಲ್ಲಾಗುತ್ತದೆ. ಈ ಪ್ರದೇಶದ ಮಣ್ಣನ್ನು ತಂದು ಜರ್ಮನಿಯ ಹಾಂಬುರ್ಗ್ ವಿಶ್ವವಿದ್ಯಾನಿಲಯದವರು ನೈಟ್ರೈಟ್ ಬೆರೆಸಿದ ಲವಣದ ದ್ರಾವಣದಲ್ಲಿ ಹಾಕಿ 4, 10 ಮತ್ತು 17 ಡಿಗ್ರಿಗಳಲ್ಲಿಟ್ಟರು. ಇಂಥ ಕೆಲಸದಲ್ಲಿ ಆಗಾಗ ದ್ರಾವಣದ ಒಂದೆರಡು ಹನಿ ತೆಗೆದು ನೈಟ್ರೈಟ್ ಖರ್ಚಾಗಿದೆಯೇ ಎಂದು ನೋಡುವುದು, ಆಗಿದ್ದರೆ ಮತ್ತೆ ಸ್ವಲ್ಪ ಸೇರಿಸಿ ಕಾಯುವುದು, ಇಷ್ಟೇ ಇರುವುದು. ಬೇಸರ ಹುಟ್ಟಿಸುವ ಕೆಲಸ, ಒಪ್ಪುತ್ತೇನೆ.

2007ರಲ್ಲಿ ಅವರು ಪ್ರಕಟಿಸಿದ ಫಲಿತಾಂಶವೇನೆಂದರೆ, ಆ ಸೀಸೆಗಳಲ್ಲಿ ಅದುವರೆಗೆ ಯಾರೂ ಬೆಳೆಸಿರದ ಒಂದು ಹೊಸ ಕುಲದ ಬ್ಯಾಕ್ಟೀರಿಯಾ ಬೆಳೆದಿತ್ತು. ಅದಕ್ಕೆ ನೈಟ್ರೋಟೋಗಾ ಆರ್ಕ್ಟಿಕಾ ಎಂದು ಹೆಸರಿಟ್ಟರು. ಅದರ ಮೊದಲ ಸುಳಿವು ಸಿಕ್ಕಿದ್ದು ಜೀವಕೋಶದ ಕೊಬ್ಬಿನಿಂದ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ, ಪಕ್ಕದಲ್ಲಿರುವ ಶೇಂಗಾ ಎಣ್ಣೆ ಆಗುವುದಿಲ್ಲ. ಎರಡರಲ್ಲಿರುವ ಕೊಬ್ಬಿನ ಆಮ್ಲಗಳು ಬೇರೆ ಬೇರೆ. ಚಳಿಗೆ ಒಗ್ಗಿದ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಸಾಮಾನ್ಯವಾಗಿ ಬೇಗ ಗಟ್ಟಿಯಾಗದ ಕೊಬ್ಬು ಹೆಚ್ಚು. ಈ ಸೀಸೆಗಳಲ್ಲಿದ್ದ ಕೊಬ್ಬಿನ ಆಮ್ಲಗಳ ಪ್ರಮಾಣ ಗೊತ್ತಿದ್ದ ಯಾವ ನೈಟ್ರೈಟ್ ಬ್ಯಾಕ್ಟೀರಿಯಾಕ್ಕೂ ಹೊಂದಲಿಲ್ಲ. ಆಮೇಲೆ ವಂಶವಾಹಿಯ ಪರೀಕ್ಷೆ ಅದನ್ನು ದೃಢಪಡಿಸಿತು.

ಇದು ಸೈಬೀರಿಯದ ವಿಚಿತ್ರವೆಂದು ತಳ್ಳಿಹಾಕುವಂತಿಲ್ಲ. ನಗರದ ಕೊಳಚೆ ನೀರು ಶುದ್ಧೀಕರಿಸುವ ಕೇಂದ್ರದ ಕೆಸರನ್ನು 10 ಡಿಗ್ರಿಯಲ್ಲಿಟ್ಟು ಬೆಳೆಸಿದಾಗಲೂ ನೈಟ್ರೋಟೋಗಾ ಬಂತು. ಅದೇ ಕೆಸರನ್ನು ಬೆಚ್ಚಗಿಟ್ಟಾಗ ಬೇರೊಂದು ಜೀವಾಣು ಮುಂದಾಯಿತು. 2018ರಲ್ಲಿ ಆಸ್ಟ್ರಿಯಾದ ಕೊಳಚೆ ಕೇಂದ್ರವೊಂದರಿಂದ ಶುದ್ಧವಾಗಿ ಬೇರ್ಪಡಿಸಿದ ಇದರ ಇನ್ನೊಂದು ಜಾತಿಯಂತೂ 24ರಿಂದ 28 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯಿತು. ನಮ್ಮ ಮುಂಗಾರಿ ಜೋಳ, ಹಿಂಗಾರಿ ಜೋಳಗಳಂತೆ ಒಂದೇ ಕುಲದೊಳಗೂ ಚಳಿಯವು ಬೇರೆ, ಬಿಸಿಲಿನವು ಬೇರೆ.

ತಣ್ಣನೆಯ ದೇಶಗಳ ರೈತರಿಗೆ ಇದು ಬರೀ ಓದುವ ವಿಷಯವಲ್ಲ. ಅಮೆರಿಕದ ಅಯೋವಾ, ಇಲಿನಾಯ್ ರಾಜ್ಯಗಳಲ್ಲಿ ಮುಂದಿನ ವರ್ಷದ ಮೆಕ್ಕೆಜೋಳಕ್ಕೆಂದು ಚಳಿಗಾಲಕ್ಕೆ ಮುಂಚೆಯೇ ಅಮೋನಿಯಾವನ್ನು ನೆಲದೊಳಗೆ ಸೇರಿಸುವ ರೂಢಿಯಿದೆ. ನಾಲ್ಕು ಅಂಗುಲ ಆಳದಲ್ಲಿ ಮಣ್ಣು 10 ಡಿಗ್ರಿಗಿಂತ ಕೆಳಗಿಳಿದ ಮೇಲೆಯೇ ಹಾಕಿರೆಂದು ಅಲ್ಲಿಯ ವಿಸ್ತರಣಾ ಕಾರ್ಯಕರ್ತರು ಹೇಳುತ್ತಾರೆ. ಸಲಹೆ ಒಳ್ಳೆಯದೇ. ಆದರೆ 10 ಡಿಗ್ರಿಯಲ್ಲಿ ಬಾಗಿಲು ಮುಚ್ಚುವುದಿಲ್ಲ. ಮಣ್ಣು ಹೆಪ್ಪುಗಟ್ಟುವವರೆಗೂ ಸ್ವಲ್ಪ ಸ್ವಲ್ಪವಾಗಿ ನೈಟ್ರೇಟ್ ಆಗುತ್ತಲೇ ಇರುತ್ತದೆ. ಆಮೇಲೆ ವಸಂತದ ಮಳೆಗೆ ಅದು ಹೊಳೆ ಸೇರುತ್ತದೆ.

ನಮ್ಮ ರಾಜ್ಯದಲ್ಲಿ ಹೆಪ್ಪುಗಟ್ಟುವ ಮಣ್ಣಿಲ್ಲ, ಸೈಬೀರಿಯದ ಜೀವಾಣುವಿನಿಂದ ನಿಮ್ಮ ಹೊಲಕ್ಕೆ ನೇರ ಪ್ರಯೋಜನವಿದೆಯೆಂದು ನಾನು ಹೇಳುವುದಿಲ್ಲ. ಆದರೆ ಅದನ್ನು ಕಂಡುಹಿಡಿದ ರೀತಿಯಲ್ಲಿ ನಮಗೆ ಬೇಕಾದದ್ದಿದೆ. ಹಿಂಗಾರಿಗೆ ಎಂ 35-1 ಬಿತ್ತುವವರು ಮುಂಗಾರಿ ಹೈಬ್ರಿಡ್ ತಂದು ಅಕ್ಟೋಬರಿನಲ್ಲಿ ಬಿತ್ತುವುದಿಲ್ಲ. ಬೀಜವಾದರೆ ನಿಮ್ಮ ಮಣ್ಣಿನಲ್ಲಿ, ನಿಮ್ಮ ಹವೆಯಲ್ಲಿ ಬಂದದ್ದೇ ಎಂದು ಕೇಳುತ್ತೀರಿ. ರೈಜೋಬಿಯಂ, ಅಜಟೋಬ್ಯಾಕ್ಟರ್ ಪೊಟ್ಟಣ ಕೊಳ್ಳುವಾಗ ಹೀಗೆ ಕೇಳುವವರನ್ನು ನಾನು ಕಂಡಿಲ್ಲ. ಒಳಗಿರುವುದೂ ಒಂದು ತಳಿಯೇ. ಹದವಾದ ಉಷ್ಣಾಂಶದ ಪೆಟ್ಟಿಗೆಯಲ್ಲಿ ಬೇಗ ಬೆಳೆಯಿತೆಂದು ಆರಿಸಿದ ತಳಿ, ಬೇಸಿಗೆಯಲ್ಲಿ ಕೈಯಿಡಲಾಗದಷ್ಟು ಕಾಯುವ ರಾಯಚೂರು, ಕಲಬುರಗಿಯ ಕಪ್ಪು ನೆಲದಲ್ಲಿ ಬದುಕಿ ಉಳಿಯುತ್ತದೆಂದು ನಂಬುವುದು ಹೇಗೆ? ಸೈಬೀರಿಯದ ಮಣ್ಣಿಗೆ ನಾವು ಮಾಡಿದ ತಪ್ಪನ್ನೇ ಇಲ್ಲಿ ತಿರುಗಿಸಿ ಮಾಡಿದಂತಾಗುತ್ತದೆ.

ಗುಡ್ಡಗಾಡಿನವರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ. ಅಲ್ಮೋರಾದಲ್ಲಿರುವ ವಿವೇಕಾನಂದ ಪರ್ವತೀಯ ಕೃಷಿ ಅನುಸಂಧಾನ ಸಂಸ್ಥೆಯವರು 4 ಡಿಗ್ರಿಯಲ್ಲಿಯೂ ಬೆಳೆಯಬಲ್ಲ ಬ್ಯಾಕ್ಟೀರಿಯಾಗಳನ್ನು ಹಿಮಾಲಯದಿಂದಲೇ ಆರಿಸಿ, ಚಳಿಯಲ್ಲಿ ಬೆಳೆಯುವ ಗೋಧಿಯ ಬೀಜಕ್ಕೆ ಲೇಪಿಸಿ ಪರೀಕ್ಷಿಸಿದ್ದಾರೆ. ಅವು ನೈಟ್ರೈಟ್ ಗುಂಪಿನವಲ್ಲ, ಬೇರಿನ ಸುತ್ತ ಇದ್ದು ಸಸಿಯ ಬೆಳವಣಿಗೆಗೆ ನೆರವಾಗುವಂಥವು. ಆದರೂ ಆರಿಸಿದ ಕ್ರಮ ಸರಿಯಾದದ್ದು: ನೆಲ ಯಾವುದೋ ತಳಿಯೂ ಅಲ್ಲಿಯದೇ, ಪರೀಕ್ಷೆಯ ಉಷ್ಣಾಂಶವೂ ಅಲ್ಲಿಯದೇ.

ಬೇಡವೆನ್ನಲು ನಮ್ಮಲ್ಲಿ ಕಾರಣಗಳಿಗೇನೂ ಕೊರತೆಯಿಲ್ಲ. ಎಂ.ಎಸ್ಸಿ. ವಿದ್ಯಾರ್ಥಿಗೆ ಇರುವುದು ಎರಡು ವರ್ಷ. ತಿಂಗಳುಗಟ್ಟಲೆ ಕಾದರೂ ಬೆಳೆಯದೆ ಹೋಗಬಹುದಾದ ಜೀವಾಣುವಿನ ಹಿಂದೆ ಅವನನ್ನು ಕಳಿಸಲು ಯಾವ ಮಾರ್ಗದರ್ಶಕನಿಗೂ ಧೈರ್ಯ ಬಾರದು, ನನಗೂ ಬಂದಿಲ್ಲ. ಆದ್ದರಿಂದ ಇದು ವಿದ್ಯಾರ್ಥಿಯ ಪ್ರಬಂಧಕ್ಕೆ ಬಿಡುವ ಕೆಲಸವಲ್ಲ. ಪ್ರತಿ ಕೃಷಿ ವಲಯದ ಸಂಶೋಧನಾ ಕೇಂದ್ರದಲ್ಲಿಯೂ ಆ ವಲಯದ ಮಣ್ಣಿನ ಉಷ್ಣಾಂಶಕ್ಕೆ ಹೊಂದಿಸಿದ ಒಂದು ಪೆಟ್ಟಿಗೆ, ವರ್ಷಾನುಗಟ್ಟಲೆ ಅದನ್ನು ನೋಡಿಕೊಳ್ಳುವ ಒಬ್ಬ ಕಾಯಂ ನೌಕರ ಇರಬೇಕೆಂಬುದು ನನ್ನ ಅಭಿಪ್ರಾಯ. ಖರ್ಚು ದೊಡ್ಡದಲ್ಲ.

2015ರಿಂದ ನಮ್ಮ ದೇಶದ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆ ಲೇಪಿಸಿ ಮಾರಲು ಸರ್ಕಾರ ಆದೇಶಿಸಿದೆ. ಅಮೋನಿಯಾವನ್ನು ಮಾರ್ಪಡಿಸುವ ಜೀವಾಣುಗಳನ್ನು ತಡೆಯುವುದು ಅದರ ಒಂದು ಮುಖ್ಯ ಉದ್ದೇಶ. ಆ ಜೀವಾಣುಗಳಲ್ಲಿ ನಿಮ್ಮ ಹೊಲದಲ್ಲಿರುವವು ಯಾವುವು, ಯಾವ ಉಷ್ಣಾಂಶದಲ್ಲಿ ಎಷ್ಟು ಚುರುಕು ಎಂಬುದನ್ನು ನಿಮ್ಮ ಹೊಲದ ಹದದಲ್ಲಿಯೇ ಬೆಳೆಸಿ ನೋಡಿದವರು ಬಹಳ ಕಡಿಮೆ. ಮುಂದಿನ ಸಲ ಜೀವಾಣು ಗೊಬ್ಬರ ಕೊಳ್ಳುವಾಗ ಅವಧಿ ಮುಗಿಯುವ ದಿನಾಂಕ ಮತ್ತು ಬೆಳೆಯ ಹೆಸರಿನೊಂದಿಗೆ, ಈ ತಳಿಯನ್ನು ಎಲ್ಲಿಯ ಮಣ್ಣಿನಿಂದ ತೆಗೆದದ್ದು, ಎಷ್ಟು ಡಿಗ್ರಿಯಲ್ಲಿ ಪರೀಕ್ಷಿಸಿದ್ದು ಎಂದೂ ಕೇಳಿರಿ. ಅಂಗಡಿಯವನಿಗೆ ಉತ್ತರ ಗೊತ್ತಿರಲಾರದು. ಒಂದು ಕಾರ್ಡು ಬರೆದು ನಮ್ಮನ್ನೇ ಕೇಳಿರಿ.