ಕಾಡುಪಾಪಕ್ಕೆ ಅಪ್‌ಡೇಟ್ ಬರಲ್ಲ

ಇಂಟರ್ನಲ್ಸ್ ಮುಗಿದ ರಾತ್ರಿ. ಅಂತರಸನಹಳ್ಳಿಯ ನಮ್ಮ ರೂಮಿನಲ್ಲಿ ಐದು ಜನ, ಒಂದೇ ಫೋನು. ಹೊರಗೆ ಮಾರ್ಕೆಟ್‌ಗೆ ಬರೋ ತರಕಾರಿ ಗಾಡಿಗಳ ಸದ್ದು, ಒಳಗೆ ವಿಚಿತ್ರ ಪ್ರಾಣಿಗಳ ರೀಲ್ಸ್. ಕಾಲು ಕಳೆದುಕೊಂಡರೂ ಮತ್ತೆ ಬೆಳೆಸಿಕೊಳ್ಳೋ ಮೆಕ್ಸಿಕೋದ ಆಕ್ಸೊಲಾಟಲ್. 2007ರಲ್ಲಿ ಬಾಹ್ಯಾಕಾಶಕ್ಕೆ ಕಳಿಸಿದರೂ ಬದುಕಿ ಬಂದ ಟಾರ್ಡಿಗ್ರೇಡ್. ಆಮೇಲೆ ಸ್ಲೋ ಲೋರಿಸ್. ಯಾರೋ ಕಚಗುಳಿ ಇಡ್ತಿದ್ದಾರೆ, ಅದು ಎರಡೂ ಕೈ ಮೇಲೆತ್ತಿ ಕೂತಿದೆ. 'ಸೋ ಕ್ಯೂಟ್' ಅಂತ ಎಲ್ಲರೂ ಲೈಕ್ ಒತ್ತಿದ್ವಿ.

ಹೆಬ್ಬೂರು ಕಡೆಯ ಗೆಳೆಯ ಒಬ್ಬ ಮಾತ್ರ ನಕ್ಕ. "ಇದರ ದಾಯಾದಿ ನಮ್ಮ ಕಡೇನೇ ಇದೆ ಕಣ್ರೋ. ಬೇಲಿ ಮೇಲೆ ಓಡಾಡುತ್ತೆ. ಕಾಡುಪಾಪ ಅಂತೀವಿ."

ನಮಗೆ ಲೋರಿಸ್ ಗೊತ್ತಿತ್ತು, ಕಾಡುಪಾಪ ಗೊತ್ತಿರಲಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಪೆಂಗ್ವಿನ್, ಕಾಂಗರೂ ಒಂದನೇ ಕ್ಲಾಸಿನಲ್ಲೇ ಪರಿಚಯ. ನಮ್ಮದೇ ತಾಲ್ಲೂಕಿನ ಪ್ರಾಣಿಯ ಹೆಸರು ಹತ್ತೊಂಬತ್ತನೇ ವಯಸ್ಸಿನಲ್ಲಿ ಕೇಳಿದ್ವಿ. ನಾಚಿಕೆ ಆಯ್ತು. ಮಾರನೇ ದಿನ ಕೂತು ಓದಿದಾಗ ಆ ರೀಲ್ಸ್ ಬಗ್ಗೆ ಇನ್ನೂ ನಾಚಿಕೆ ಆಯ್ತು. ಸ್ಲೋ ಲೋರಿಸ್ ಕೈ ಎತ್ತೋದು ಖುಷಿಗಲ್ಲ. ಅದರ ತೋಳಿನಲ್ಲಿ ಒಂದು ಗ್ರಂಥಿ ಇದೆ. ಅದನ್ನು ನೆಕ್ಕಿ, ಜೊಲ್ಲು ಬೆರೆಸಿ ಕಚ್ಚಿದರೆ ವಿಷ. ಅಂದರೆ ಅದು ಹೆದರಿ ರಕ್ಷಣೆಗೆ ನಿಂತಿತ್ತು, ನಾವು ಲೈಕ್ ಒತ್ತಿದ್ವಿ.

ಇನ್ನು ನಮ್ಮ ಕಾಡುಪಾಪದ ಕಥೆ. ತುಮಕೂರು ತಾಲ್ಲೂಕಿನ ನಾಗವಲ್ಲಿ ಸುತ್ತಮುತ್ತ ಇವು ಇರೋದು ವನ್ಯಜೀವಿ ಆಸಕ್ತರಿಗೆಲ್ಲ ಹಳೆಯ ಸುದ್ದಿ. ಅಲ್ಲಿನ ಶಿಕ್ಷಕರು, ಶಾಲಾ ಮಕ್ಕಳು ಇವುಗಳ ಪರವಾಗಿ ಕೆಲಸ ಮಾಡಿದ್ದಾರೆ. ತೂಕ ಕಾಲು ಕೆಜಿ ಆಸುಪಾಸು. ಬಾಲ ಇಲ್ಲ. ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣು. ಆ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರ ಇದೆ. ಒಳಗೆ ಬಂದ ಬೆಳಕನ್ನು ಅದು ಹಿಂದಕ್ಕೆ ತಳ್ಳೋದರಿಂದ ಕಣ್ಣಿಗೆ ಅದೇ ಬೆಳಕು ಎರಡನೇ ಸಲ ಸಿಗುತ್ತೆ. ಟಾರ್ಚ್ ಬಿಟ್ಟಾಗ ಕತ್ತಲಲ್ಲಿ ಎರಡು ಕೆಂಡದಂತೆ ಹೊಳೆಯೋದು ಇದಕ್ಕೇ.

ಹಿಡಿತ ಇನ್ನೂ ಅದ್ಭುತ. ಸಿಟಿ ಬಸ್ಸಿನಲ್ಲಿ ಕಂಬಿ ಹಿಡಿದು ಇಪ್ಪತ್ತು ನಿಮಿಷ ನಿಂತರೆ ನಮ್ಮ ಕೈ ಜೋಮು ಹಿಡಿಯುತ್ತೆ. ಕಾಡುಪಾಪದ ತೋಳು, ಕಾಲಿನ ರಕ್ತನಾಳಗಳು ಸಣ್ಣ ಸಣ್ಣ ನಾಳಗಳ ಬಲೆಯಾಗಿ ಹರಡಿಕೊಂಡಿವೆ. ಹಾಗಾಗಿ ಬಿಗಿಯಾಗಿ ಹಿಡಿದು ಬಹಳ ಹೊತ್ತು ಕೂತರೂ ರಕ್ತ ಓಡಾಡ್ತಾನೇ ಇರುತ್ತೆ. ತೋರುಬೆರಳು ಚಿಕ್ಕದಾಗಿ, ಹೆಬ್ಬೆರಳು ಎದುರಿಗೆ ತಿರುಗಿ, ಅಂಗೈ ಇಕ್ಕಳದ ಹಾಗಿದೆ. ಇರುವೆ, ಗೆದ್ದಲು, ಹುಳುಹುಪ್ಪಟೆ ಇದರ ಊಟ. ಅಂದರೆ ಹೊಲದ ಬೇಲಿಯಲ್ಲಿ ಬಿಟ್ಟಿ ರಾತ್ರಿಪಾಳಿ ಮಾಡೋ ಕೆಲಸಗಾರ.

ಅಪಾಯ ಬಂದಾಗ ಇದು ಏನು ಮಾಡುತ್ತೆ? ಓಡಲ್ಲ, ಹಾರಲ್ಲ. ಇದಕ್ಕೆ ಜಿಗಿಯೋಕೇ ಬರಲ್ಲ. ಸುಮ್ಮನೆ ಅಲ್ಲಾಡದೆ ನಿಲ್ಲುತ್ತೆ. ಗೂಬೆಯ ಕಣ್ಣು ತಪ್ಪಿಸೋಕೆ ಅದು ಒಳ್ಳೆ ಉಪಾಯ. ಲಕ್ಷಾಂತರ ವರ್ಷ ಟೆಸ್ಟ್ ಆಗಿ ಪಾಸಾದ ಡಿಸೈನ್.

ಆದರೆ ಎದುರಿಗೆ ಬರ್ತಿರೋದು ಲಾರಿ ಆದರೆ?

ನಾವು ಹೇಳಬೇಕು ಅಂದುಕೊಂಡಿರೋದು ಇಷ್ಟೇ. 'ಅಬ್ಬಾ, ಎಂಥ ಅಡಾಪ್ಟೇಶನ್' ಅಂತ ನಾವು ಬಾಯಿ ಬಿಡೋ ಪ್ರತಿಯೊಂದೂ ಒಂದು ಹಳೆಯ ಪ್ರಶ್ನೆಗೆ ಬರೆದ ಉತ್ತರ. ಈಗ ಪ್ರಶ್ನೆಪತ್ರಿಕೆ ಬದಲಾಗಿದೆ. ಬದಲಾಯಿಸಿದ್ದು ನಾವು. ಪ್ರಾಣಿ ಮಾತ್ರ ಹಳೆಯ ಸಿಲಬಸ್ಸಿನಲ್ಲೇ ಪರೀಕ್ಷೆ ಬರೀತಿದೆ.

ಚಿಪ್ಪುಹಂದಿಯನ್ನೇ ನೋಡಿ. ನಮ್ಮ ಉಗುರಿನಲ್ಲಿರೋ ಕೆರಾಟಿನ್ನಿಂದಲೇ ಮಾಡಿದ ಕವಚ. ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುತ್ತೆ, ಚಿರತೆಗೂ ಬಿಚ್ಚೋಕೆ ಕಷ್ಟ. ಆದರೆ ಮನುಷ್ಯ ಬಿಚ್ಚೋದೇ ಇಲ್ಲ, ಚೆಂಡನ್ನೇ ಎತ್ತಿ ಚೀಲಕ್ಕೆ ಹಾಕ್ಕೊಳ್ತಾನೆ. ಎಂಟೂ ಜಾತಿಯ ಚಿಪ್ಪುಹಂದಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧಿಸೋಕೆ 2016ರಲ್ಲಿ ದೇಶಗಳೆಲ್ಲ ಕೂತು ತೀರ್ಮಾನ ಮಾಡಬೇಕಾಯ್ತು. ಹಾಗೇ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗ. ಗಂಟೆಗೆ 80 ಕಿ.ಮೀ. ಓಟ. ಯಾರಿಂದ ತಪ್ಪಿಸಿಕೊಳ್ಳೋಕೆ ಈ ವೇಗ ಬೇಕಿತ್ತೋ ಆ ಚೀತಾ ಭಾರತದಲ್ಲಿ ಅಳಿದುಹೋಯ್ತು ಅಂತ 1952ರಲ್ಲೇ ಘೋಷಣೆ ಆಯ್ತು. ಈಗ ಅದಕ್ಕೆ ಬೇಕಿರೋದು ಓಡೋಕೆ ಬಯಲು. ಬಯಲಿಗೆ ಬೇಲಿ ಬಿದ್ದರೆ 80 ಕಿ.ಮೀ. ವೇಗ ಇಟ್ಕೊಂಡು ಏನು ಮಾಡೋದು?

ಕಾಡುಪಾಪದ ಕಷ್ಟ ಇನ್ನೂ ಸಣ್ಣದರಲ್ಲಿದೆ, ಅದಕ್ಕೇ ನಮಗೆ ಕಾಣಿಸಲ್ಲ. ಜಿಗಿಯೋಕೆ ಬರದ ಪ್ರಾಣಿಗೆ ಎರಡು ಮರದ ಕೊಂಬೆ ತಾಗಿಕೊಂಡಿದ್ದರೆ ಮಾತ್ರ ದಾರಿ. ನಡುವೆ ಒಂದು ಕೊಂಬೆ ಕಡಿದರೂ ಅದು ನೆಲಕ್ಕಿಳಿಯಬೇಕು. ನೆಲದಲ್ಲಿ ನಾಯಿ, ರಸ್ತೆಯಲ್ಲಿ ಗಾಡಿ, ಮೇಲೆ ಕರೆಂಟ್ ತಂತಿ. ಇದರ ಮೇಲೆ ಮಾಟ-ಮಂತ್ರದ ಹೆಸರಿನಲ್ಲಿ ಹಿಡಿಯೋರು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರೋ ಒಂದನೇ ಪಟ್ಟಿಯಲ್ಲೇ ಇದೂ ಇದೆ. ಹುಲಿಗೆ ಸಿಗೋ ಮರ್ಯಾದೆ ಮಾತ್ರ ಇಲ್ಲ.

'ಹಾಗಾದ್ರೆ ರಸ್ತೆ ಬೇಡ್ವಾ, ಫ್ಯಾಕ್ಟರಿ ಬೇಡ್ವಾ' ಅಂತ ಕ್ಲಾಸಿನಲ್ಲಿ ಕೇಳಿದ್ರು. ಬೇಕು. ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾ ನೋಡಿಕೊಂಡೇ ದಿನಾ ಓಡಾಡ್ತೀವಿ, ಇಂಟರ್ನ್‌ಶಿಪ್‌ಗೆ ಅಲ್ಲೇ ಬಾಗಿಲು ತಟ್ಟೋರು ನಾವು. ನಮಗೂ ಕೆಲಸ ಬೇಕು. ಆದರೆ ನಾಳೆ ರಸ್ತೆ ಗೀಟು ಎಳೆಯೋರು, ದೀಪದ ಕಂಬ ನಿಲ್ಲಿಸೋರು, ತಂತಿ ಎಳೆಯೋರು ನಾವೇ ಅಲ್ವಾ? ಗಾಳಿಯ ಒತ್ತಡ, ಮಣ್ಣಿನ ಗುಣ ಎಲ್ಲ ಲೆಕ್ಕ ಹಾಕೋಕೆ ಕಲಿಸ್ತಾರೆ. ಆ ಲೆಕ್ಕದಲ್ಲಿ ಕಾಲು ಕೆಜಿಯ ಒಂದು ಜೀವಕ್ಕೂ ಒಂದು ಸಾಲು ಇರಲಿ ಅನ್ನೋದು ನಮ್ಮ ವಾದ.

ಇದು ಆಗದ ಮಾತೇನಲ್ಲ. ತಮಿಳುನಾಡಿನ ವಾಲ್ಪಾರೈನಲ್ಲಿ ಸಿಂಗಳೀಕಗಳು ರಸ್ತೆ ದಾಟೋಕೆ ಮರದಿಂದ ಮರಕ್ಕೆ ತೂಗುಸೇತುವೆ ಕಟ್ಟಿದ್ದಾರೆ. ರಾಕೆಟ್ ಸೈನ್ಸ್ ಅಲ್ಲ, ಒಂದು ಮಿನಿ ಪ್ರಾಜೆಕ್ಟಿನಷ್ಟು ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನಲ್ಲೇ, ಅಷ್ಟು ದೊಡ್ಡ ಊರಿನ ನಡುವೆ, ಕಾಡುಪಾಪಗಳಿವೆ. ಹಳೆಯ ಮರಗಳು ಉಳಿದಿವೆ, ಅದಕ್ಕೇ ಅವೂ ಉಳಿದಿವೆ.

ಸರ್ಕಾರಕ್ಕೂ ಒಂದು ಮಾತು. ಜಿಲ್ಲೆಯ ಕೃಷ್ಣಮೃಗಕ್ಕೆ 2007ರಲ್ಲಿ ಮೈದನಹಳ್ಳಿ ಸಿಕ್ಕಿತು. ಚಿಂಕಾರಕ್ಕೆ 2019ರಲ್ಲಿ ಬುಕ್ಕಾಪಟ್ಟಣ ಸಿಕ್ಕಿತು. ಕಾಡುಪಾಪಕ್ಕಾಗಿಯೇ ದೇಶದ ಮೊದಲ ಅಭಯಾರಣ್ಯ ಮಾಡಿದ್ದು ತಮಿಳುನಾಡು, 2022ರಲ್ಲಿ, ಕಡವೂರಿನಲ್ಲಿ, 11,806 ಹೆಕ್ಟೇರ್. ನಾಗವಲ್ಲಿಯ ಸರದಿ ಬರಬೇಡವೇ?

ಅಲ್ಲಿಯವರೆಗೆ ನಮ್ಮ ಕೈಲಾದದ್ದು ಮಾಡೋಣ. ಕ್ಯಾಂಪಸ್ಸಿನಲ್ಲಿ ಕೊಂಬೆ ಕಡಿಯೋಕೆ ಬಂದಾಗ, ತಾಗಿಕೊಂಡಿರೋ ಕೊಂಬೆಗಳನ್ನ ಬಿಡಿ ಅಂತ ಕೇಳೋಣ. ಹೊಸ ದೀಪ ಹಾಕುವಾಗ ಬೆಳಕು ಮರದ ಮೇಲಲ್ಲ, ದಾರಿ ಮೇಲೆ ಬೀಳಲಿ ಅಂತ ಬರೆದುಕೊಡೋಣ. ಮುಂದಿನ ಬ್ಯಾಚಿನಲ್ಲಿ ಯಾರಾದ್ರೂ ತೂಗುಸೇತುವೆಯನ್ನ ಪ್ರಾಜೆಕ್ಟ್ ಮಾಡಲಿ. ಒಂದು ಬೇಡಿಕೆ ಮಾತ್ರ: ಇದನ್ನ ಓದಿ ಈ ವೀಕೆಂಡೇ ಬೈಕ್ ಹತ್ತಿ ನಾಗವಲ್ಲಿಗೆ ಫ್ಲ್ಯಾಶ್ ಹಾಕಿ ರೀಲ್ಸ್ ಮಾಡೋಕೆ ಹೋಗಬೇಡಿ. ಕತ್ತಲಿಗೆ ಮಾಡಿದ ಕಣ್ಣು ಅದು.

ಆ ಗೆಳೆಯನನ್ನ ಕೇಳಿದ್ವಿ, ನೀನು ಕೊನೇ ಸಲ ಯಾವಾಗ ನೋಡಿದ್ದು ಅಂತ. ಸ್ವಲ್ಪ ಹೊತ್ತು ಯೋಚಿಸಿದ. "ನಾನು ಐದನೇ ಕ್ಲಾಸಿನಲ್ಲಿದ್ದಾಗ. ಆಮೇಲೆ ಆ ಬೇಲಿ ತೆಗೆದು ಕಲ್ಲುಕಂಬ ಹಾಕಿದ್ರು."